ಇಬ್ರಿಯಲ್ಲಿ ಕಾಲ್ನಡಿಗೆ

ಈ ಊರಿನ ರಸ್ತೆಯಲ್ಲಿ ನಡೆಯುವುದು
ಮೇಕೆಗಳು ಮತ್ತು ನಾನು.
ಮೇಕೆಗಳಿಗಾದರೂ ನೆರಳು ಎಲ್ಲಿದೆಯೆಂದು ಗೊತ್ತು.
ನಾನು ಕ್ಯಾಂಪಿನಿಂದ ಹಾಲಿನ ಗೋದಾಮಿಗೆ
ನಾಲ್ಕೂವರೆ ಕಿಲೋಮೀಟರು,
ತಲೆಗೆ ಒದ್ದೆ ಬೈರಾಸು ಸುತ್ತಿ
ವಾಹನಗಳಿಗೆ ಮುಖಮಾಡಿಯೇ ನಡೆಯುತ್ತೇನೆ.
ಬರುವುದು ಕಂಡೇ ಬರಲಿ.

ಕಾರುಗಳು ನಿಲ್ಲುತ್ತವೆ. ಇಲ್ಲಿಯ ಜನ ಅಷ್ಟು ಒಳ್ಳೆಯವರು.
ಗಾಜು ಇಳಿಯುತ್ತದೆ, ತಣ್ಣನೆಯ ಗಾಳಿ, ಲೋಬಾನದ ಘಮ,
ಬಾ ಬಾ, ಹತ್ತು, ಈ ಬಿಸಿಲಲ್ಲಿ ಯಾಕೆ ಎಂದು ಅರಬಿಯಲ್ಲಿ ಗದರಿಕೆ.
ಎದೆಗೆ ಕೈಯಿಟ್ಟು ಶುಕ್ರನ್ ಎನ್ನುತ್ತೇನೆ.
ಕೈ ಇಟ್ಟದ್ದು ಮರ್ಯಾದೆಗಲ್ಲ,
ಒಳಗಿನದು ಜಾರಿ ಹೊರಗೆ ಬೀಳದಿರಲೆಂದು.

ಹದಿನಾಲ್ಕು ತಿಂಗಳಾಯಿತು.
ಆದಂ ದಾಟಿ ಹೈಮಾದ ಕಡೆಗೆ, ರಾತ್ರಿ ಎರಡೂಕಾಲು.
ಹಿಂದೆ ಮಜ್ಜಿಗೆಯ ಕ್ರೇಟುಗಳ ಕುಲುಕಾಟ,
ಪಕ್ಕದಲ್ಲಿ ಉಚ್ಚಿಲದ ಪುತ್ತುಬಾವ.
ಕಿತ್ತಳೆ ಸುಲಿದು, ಬಿಳಿ ನಾರು ಬಿಡಿಸಿ
ಮೊದಲ ತೊಳೆಯನ್ನು ನನ್ನ ಬಾಯಿಗೇ ಇಟ್ಟ.
ನೂರಿಪ್ಪತ್ತು ದಾಟಿದರೆ ವ್ಯಾನಿನಲ್ಲೊಂದು ಗಂಟೆ,
ಟಿಣ್ ಟಿಣ್ ಟಿಣ್.
ಅದಕ್ಕೆ ನಾವಿಬ್ಬರೂ ಇಟ್ಟ ಹೆಸರು ದೊಡ್ಡಮ್ಮ.
ಹೇಳ್ತಾ ಇರ್ತಾಳೆ ಬಿಡು ಮಾರಾಯ, ಎಂದಿದ್ದ.

ಆಮೇಲೆ ಕಾಲು. ಬರೀ ಕಾಲು.
ಬೆಳಕಿನೊಳಗೆ ನಿಂತ ನಾಲ್ಕು ಉದ್ದ ಕಾಲು.
ಒಂಟೆಯ ಮೈ ಇನ್ನೂ ಕತ್ತಲೆಯಲ್ಲೇ ಇತ್ತು.

ಪೊಲೀಸರಿಗೆ ಹೇಳಿದ್ದು ಇಷ್ಟು.
ಹೇಳದೆ ಉಳಿದದ್ದು:
ಮಗುಚಿ ಬಿದ್ದ ಮೇಲೂ ದೊಡ್ಡಮ್ಮ ಸುಮ್ಮನಾಗಲಿಲ್ಲ.
ನನ್ನ ಬಾಯಲ್ಲಿ ತೊಳೆ ಹಾಗೇ ಇತ್ತು.
ಪುತ್ತುಬಾವ, ಪುತ್ತುಬಾವ ಎಂದು ಕರೆದೆ.
ಅವನು ಓಗೊಡಲಿಲ್ಲ.
ನಾನು ಅಗಿದೆ. ನುಂಗಿದೆ.
ಸಿಹಿಯಾಗಿತ್ತು.

ಈಗ ಲಿಫ್ಟಿನ ಬಾಗಿಲು ಟಿಣ್ ಎಂದರೆ ಗೋಡೆ ಹಿಡಿಯುತ್ತೇನೆ.
ಕ್ಯಾಂಪಿನ ಮೈಕ್ರೋವೇವಿನಲ್ಲಿ ಯಾರೋ ಅನ್ನ ಬಿಸಿಮಾಡುವಾಗ
ಮುಗಿಯುವ ಮೊದಲೇ ಎದ್ದು ಹೊರಗೆ ಹೋಗುತ್ತೇನೆ.
ಕೋಣೆಯ ಶಫೀಕುಲ್ ಪಾಪ,
ಕಿತ್ತಳೆ ತಿನ್ನಬೇಕೆನಿಸಿದರೆ ಟೆರೇಸು ಹತ್ತುತ್ತಾನೆ,
ಸೋಪು ಹಾಕಿ ಕೈ ತೊಳೆದು ಬರುತ್ತಾನೆ.
ನಿಜ್ವಾದ ಡಾಕ್ಟರು ಇದಕ್ಕೊಂದು ಹೆಸರು ಹೇಳಿದರು,
ನಾಲ್ಕು ಇಂಗ್ಲಿಷ್ ಅಕ್ಷರ, ಯಾವುದೋ ಕಂಪನಿಯ ಬೋರ್ಡಿನ ಹಾಗೆ.
ಊರಿಂದ ಅಕ್ಕ ಅನ್ನುತ್ತಾಳೆ,
ದೇವರು ದೊಡ್ಡವನು, ನಿನಗೇನೂ ಆಗಲಿಲ್ಲವಲ್ಲ.
ಆ ಏನೂ ಆಗದ್ದೇ
ದಿನಾ ಎರಡೂಕಾಲಿಗೆ ನನ್ನ ಹೆಗಲು ಮುಟ್ಟಿ ಎಬ್ಬಿಸುತ್ತದೆ.

ಖರ್ಜೂರದ ತೋಟದ ಮುದುಕ ಹಮೂದ್
ತನ್ನ ಬಿಳಿ ಪಿಕಪ್ ನಿಲ್ಲಿಸಿ ತಿಂಗಳೆಲ್ಲ ಕರೆದ.
ಮೊನ್ನೆ ಕರೆಯಲಿಲ್ಲ.
ಗಾಡಿಯನ್ನು ಮಣ್ಣಿಗಿಳಿಸಿ, ನಾಲ್ಕೂ ದೀಪ ಮಿಣುಕಲು ಬಿಟ್ಟು,
ಕೋಲು ಹಿಡಿದು ಇಳಿದು
ನನ್ನ ಜೊತೆ ನಡೆಯತೊಡಗಿದ.
ಮಂಡಿನೋವಿನ ಮಾತು, ಮೇಕೆಯ ಮೇವಿನ ರೇಟು,
ಅರ್ಧ ಹಿಂದಿ, ಅರ್ಧ ಕೈ.
ನನಗೂ ಒಂಟೆಗಳಿವೆ ಸದೀಕ್, ಎಂದ ಒಮ್ಮೆ.
ಬಹಳ ದೂರ ಆಮೇಲೆ ಏನೂ ಅನ್ನಲಿಲ್ಲ.
ಅವನಿಗೆ ಯಾರು ಹೇಳಿದರೋ, ನಾನು ಕೇಳಲಿಲ್ಲ.

ಒಂದೂವರೆ ಕಿಲೋಮೀಟರಿಗೆ ಮುದುಕನಿಗೆ ಏದುಸಿರು.
ಒಳ್ಳೇ ಫಜೀತಿ. ಕೈಹಿಡಿದು
ಮತ್ತೆ ಅವನ ಗಾಡಿಯವರೆಗೂ ನಾನೇ ನಡೆಸಿಕೊಂಡು ಬಂದೆ.
ಬಾಗಿಲ ಹಿಡಿಕೆ ಕೆಂಡ.
ಬೈರಾಸು ಬಿಚ್ಚಿ, ಅದರಲ್ಲಿ ಹಿಡಿದು ತೆಗೆದೆ.
ಕೂತ. ಕೀಲಿ ತಿರುವಿದ.
ಟಿಣ್ ಟಿಣ್ ಟಿಣ್.

ರಸ್ತೆ, ಗುಡ್ಡ, ಬಿಸಿಲು ಎಲ್ಲ ಒಂದು ಬದಿಗೆ ವಾಲಿತು.
ಬಾಗಿಲನ್ನು ಬಿಡಲಿಲ್ಲ ನಾನು.
ಬೆಲ್ಟು, ಎಂದೆ. ಬೆಲ್ಟು ಹಾಕು ಬಾಬಾ.
ನಗುತ್ತಾ ಎಳೆದು ಸಿಕ್ಕಿಸಿದ.

ನಿಂತಿತು.

ಅದು ನಿಲ್ಲುತ್ತದೆ ಎಂದು
ನನಗೆ ನಿಜವಾಗಿಯೂ ಗೊತ್ತಿರಲಿಲ್ಲ.

ಹತ್ತಲಿಲ್ಲ. ಅವನೂ ಕರೆಯಲಿಲ್ಲ.
ಒಣಗಿದ ಬೈರಾಸನ್ನು ತಲೆಗೆ ಸುತ್ತಿಕೊಂಡೆ.
ಗೋದಾಮು ಮತ್ತೆ ಅಷ್ಟೇ ದೂರ,
ಆ ಹೊತ್ತಿಗೆ ಒಂದು ತಾಸು ತಡವೂ ಆಗಿತ್ತು.