ಮೂರನೆಯ ಬಾಟಲಿ

ವಿಜ್ಞಾನ ಅಂದರೆ ಕಬ್ಬಿಣದ ಕಡಲೆ ನಮ್ಮ ಮಕ್ಕಳಿಗೆ,
ಅಂದರು ಹೆಡ್‌ಮಾಸ್ಟರು ಮೊದಲ ದಿನವೇ,
ಪ್ರಯೋಗದ ಕಪಾಟಿನ ಬೀಗ ತೋರಿಸುತ್ತಾ.
ಕೀಲಿ, ವರ್ಗವಾದವರ ಜೇಬಿನಲ್ಲೇ ಹೋಗಿತ್ತು
ಸೊರಬಕ್ಕೋ ಶಿಕಾರಿಪುರಕ್ಕೋ.
ಇರಲಿ ಸಾರ್, ಭದ್ರಾವತಿಯಲ್ಲವೇ ಇದು,
ಇಲ್ಲಿ ಹಾಲುಹಲ್ಲೂ ಉಕ್ಕಿನದೇ ಇದ್ದೀತು, ಅಂದೆ.
ಅವರು ನಗಲಿಲ್ಲ.

ಏಳನೇ ಕ್ಲಾಸು. ತುಕ್ಕಿನ ಪಾಠ.
ಹಾರ್ಲಿಕ್ಸಿನ ಮೂರು ಖಾಲಿ ಬಾಟಲಿ, ಮೂರು ಮೊಳೆ.
ಅಂಗಡಿಯವನು ದುಡ್ಡು ಬೇಡವೆಂದ:
"ಇಷ್ಟಕ್ಕೆ ತಕ್ಕಡಿ ಅಲ್ಲಾಡಲ್ಲ ಮೇಡಂ."

ಮೊದಲನೆಯದಕ್ಕೆ ನಲ್ಲಿ ನೀರು, ಅರ್ಧ ಮುಳುಗುವಷ್ಟು.
ಎರಡನೆಯದಕ್ಕೆ ಬಿಸಿಯೂಟದ ಗಿರಿಜವ್ವ
"ಬೇಳೆ ಹಾಕಲ್ವಾ?" ಅಂತ ಕೇಳಿ ಕುದಿಸಿಕೊಟ್ಟ ನೀರು,
ಮೇಲೊಂದು ಪದರ ಕೊಬ್ಬರಿ ಎಣ್ಣೆ,
ಸಿಲ್ವಿಯಾ ತನ್ನ ಜಡೆಗೆ ಹಚ್ಚದೆ ಉಳಿಸಿ ತಂದದ್ದು.
ಮೂರನೆಯದಕ್ಕೆ ಬರೀ ಒಣಗಾಳಿ.
ಒಣಗಾಳಿ! ಈ ಜಿಲ್ಲೆಯಲ್ಲಿ! ಜುಲೈ ತಿಂಗಳಲ್ಲಿ!
ಪುಸ್ತಕ ಹೇಳುವ ಕ್ಯಾಲ್ಸಿಯಂ ಕ್ಲೋರೈಡು ಬೀಗದ ಹಿಂದೆ,
ಇದ್ದರೆ.
ಮುಬೀನಾಳ ಅಣ್ಣ ಚಪ್ಪಲಿ ಅಂಗಡಿಯಲ್ಲಿದ್ದ.
ಡಬ್ಬಿ ಡಬ್ಬಿ ತಡಕಿ ಕಳಿಸಿದ
ತಿನ್ನಬಾರದೆಂದು ಬರೆದ ಹದಿನಾಲ್ಕು ಪೊಟ್ಟಣ.
ಯಾರದೋ ಹೊಸ ಬೂಟಿಗೆ ಮೀಸಲಿದ್ದ ಗಾಳಿಯನ್ನು
ನಾವು ಕಡ ತಂದೆವು.

ದಿನಾ ಪ್ರಾರ್ಥನೆಯಾದ ಮೇಲೆ ಕಿಟಕಿಯ ಬಳಿ ಸಾಲು.
ನೋಡಿದ್ದನ್ನು ಬರೆಯಿರಿ, ಗೊತ್ತಿರುವುದನ್ನಲ್ಲ,
ಅನ್ನುತ್ತಿದ್ದೆ ನಾನು, ಬಹಳ ಜಂಬದಿಂದ.
ಮೂರನೇ ದಿನ ಮೊದಲ ಮೊಳೆಯಿಂದ
ಚಹಾದ ಬಣ್ಣದ ಎಳೆಯೊಂದು ಇಳಿಯಿತು.
"ನಮ್ಮಪ್ಪನ ಬನಿಯನ್ ತರ," ಅಂದ ಹಾಲೇಶ.
ಅವನಪ್ಪನಿಗೆ ಕಾರ್ಖಾನೆಯಲ್ಲಿ ಗುತ್ತಿಗೆ ಕೆಲಸ,
ಕರೆದ ದಿನ.
ಎರಡನೆಯದು ಎಣ್ಣೆಯ ಕೆಳಗೆ ಮದುಮಗನ ಹಾಗೆ ಮಿಂಚುತ್ತಿತ್ತು.
ಮೂರನೆಯದರ ಮೇಲೆ, ಒಂಬತ್ತನೇ ದಿನ,
ಸಾಸಿವೆಯಷ್ಟು ಕೆಂಪು.

ಬರಬಾರದಿತ್ತು.
ಮರುದಿನ ಸಿ.ಆರ್.ಪಿ. ಬರುವವರಿದ್ದರು,
ಫೋಟೋ ಹಿಡಿಯುವವರಿದ್ದರು.
ಸಂಜೆ, ಶಾಲೆ ಖಾಲಿಯಾದ ಮೇಲೆ,
ಹೊಸ ಮೊಳೆಯೊಂದನ್ನು ಒಳಗೆ ಬಿಟ್ಟೆ,
ಹಳೆಯದನ್ನು ಸೀಮೆಸುಣ್ಣದ ಡಬ್ಬಿಯಲ್ಲಿ ಮುಚ್ಚಿಟ್ಟೆ.
ಅಷ್ಟೇ.
ಅಷ್ಟಕ್ಕೆ ತಕ್ಕಡಿ ಅಲ್ಲಾಡುವುದಿಲ್ಲ.

ಬೆಳಿಗ್ಗೆ ಗಾಜಿಗೆ ಮೂಗೊತ್ತಿ ನಿಂತ ಹಾಲೇಶ.
"ಮಿಸ್, ಇದು ನಮ್ ಮೊಳೆ ಅಲ್ಲ.
ನಮ್ದರ ತಲೆ ಸೊಟ್ಟ ಇತ್ತು, ಕತ್ತಿನ ಹತ್ರ ಎರಡು ಗೀಟು.
ಚಿತ್ರ ಬರ್ದಿದೀನಿ."
ಬರೆದಿದ್ದ. ದಿನಾಂಕ ಸಮೇತ.
ಸಾಸಿವೆಯೂ ಇತ್ತು, ಕೆಂಪು ಪೆನ್ನಿನಲ್ಲಿ.

ಡಬ್ಬಿ ತೆಗೆದು ಮೊಳೆಯನ್ನು ಅವನ ಅಂಗೈಯಲ್ಲಿಟ್ಟೆ.
ಬದಲಾಯಿಸಿದ್ದು ನಾನು, ಅಂದೆ.
"ಯಾಕೆ ಮಿಸ್?" ಸಿಲ್ವಿಯಾ ಕೇಳಿದಳು,
ಬೈಯುವುದಕ್ಕಲ್ಲ, ಬರೆದುಕೊಳ್ಳುವುದಕ್ಕೆ.
ಹೆದರಿ, ಅಂದೆ.

ಆಮೇಲೆ ಹಾಲೇಶನ ಕಿವಿ ಕೆಂಪಾಯಿತು.
"ದಿನಾ ಮುಚ್ಚಳ ತೆಗೀತಿದ್ದೆ ಮಿಸ್. ಮೂಸೋಕೆ.
ಅಪ್ಪ ಕೆಲಸದಿಂದ ಬಂದ್ರೆ ಇದೇ ವಾಸನೆ.
ಈಗೀಗ ಮನೇಲಿ ಇಲ್ಲ."

ಫಲಿತಾಂಶದ ಜಾಗದಲ್ಲಿ ಇಪ್ಪತ್ತಾರು ಮಂದಿಯೂ ಬರೆದರು:
ಮುಚ್ಚಳ ತೆರೆದಿತ್ತು. ಗಾಳಿ ಬಂತು, ಗಾಳಿಯ ಜೊತೆ ನೀರು.
ಮೊಳೆ ಬದಲಾಗಿತ್ತು. ಟೀಚರ್ ಹೆದರಿದ್ದರು.
ಸಿ.ಆರ್.ಪಿ. ಎರಡನೆಯ ಬಾಟಲಿಯ ಫೋಟೋ ಹಿಡಿದು
ಮಜ್ಜಿಗೆ ಕುಡಿದು ಹೋದರು.

ಹಾಲೇಶನ ಅಪ್ಪ ಒಂದು ಶನಿವಾರ ಬಂದ,
ಕರೆಯದ ದಿನ.
ಬೀಗಕ್ಕೆ ಎರಡು ಹನಿ ಎಣ್ಣೆ ಬಿಟ್ಟು,
ತಂತಿ ತೂರಿಸಿ, ಕಿವಿಗೊಟ್ಟು, ತೆರೆದ.
ಒಳಗೆ ಒಂದು ಸತ್ತ ಹಲ್ಲಿ, ಬಿರುಕು ಬಿಟ್ಟ ಪ್ರನಾಳಗಳು,
ಮತ್ತು ಹೌದು, ಕ್ಯಾಲ್ಸಿಯಂ ಕ್ಲೋರೈಡು:
ಬಿಳಿ ಪುಡಿಯಾಗಿ ಬಂದದ್ದು
ಇಷ್ಟು ವರ್ಷ ಕತ್ತಲಲ್ಲಿ ಕೂತು
ಊರಿನ ತೇವವನ್ನೆಲ್ಲ ಕುಡಿದು ಕುಡಿದು
ಸೀಸೆಯ ತುಂಬ ನೀರಾಗಿತ್ತು.

ಬರೆದುಕೊಳ್ಳಿ ಅನ್ನಲು ತಿರುಗಿದೆ.
ಬರೆಯುತ್ತಿದ್ದರು.