ಯಜಮಾನನ ಸದ್ದು

ಗಡಿಯಾರ ರಿಪೇರಿಯ ಮಜೂರಿಗೆ ಬದಲು ಬಂದದ್ದು ಇದು.
ಬೈತಖೋಲಕ್ಕೆ ಡಾಂಬರು ತಂದ ಹಡಗಿನ ಅಡುಗೆಯವ
ಖಾಲಿ ಕಿಸೆ ಹೊರಗೆಳೆದು ತೋರಿಸಿ, ನಕ್ಕು,
ಚೀಲದಿಂದ ತೆಗೆದಿಟ್ಟ: ಕರಿ ತಟ್ಟೆ, ಬೂದಿ ಹೊದಿಕೆ,
ಹೊದಿಕೆಯ ಮೇಲೊಂದು ಸಮುದ್ರ.
ನಮ್ಮದಲ್ಲ, ಚಳಿಯ ದೇಶದ್ದು.
ಹೆಸರಿನ ಒಂದಕ್ಷರದ ತಲೆಮೇಲೆ ಸೊನ್ನೆ,
ಪಕ್ಕಕ್ಕೆ ಕೂರಬೇಕಾದದ್ದು ಮೇಲೆ ಹತ್ತಿ ಕೂತ ಹಾಗೆ.
ಡ್ರಮ್ಮಿನವನೇ ಯಜಮಾನ ಎಂದು ಸನ್ನೆ ಮಾಡಿದ,
ನನ್ನ ಗಾಜಿನ ಪೆಟ್ಟಿಗೆಯ ಮೇಲೆ ಎರಡು ಬೆರಳು ಆಡಿಸಿ.

ಭಾನುವಾರ, ಸಂತೆ ಕರಗಿದ ಮೇಲೆ,
ಅರ್ಧ ಬಾಗಿಲು ಎಳೆದು ಹಾಕಿದೆವು.
ಪ್ಲೇಯರು ಕೈತಾನ್ ಲೋಪಿಸನದು.
ಸೂಜಿ ಮಾತ್ರ ಯಾರಿಗೂ ಮುಟ್ಟಗೊಡ.
ಮೊದಲು ಪಿಯಾನೊ. ಕತ್ತಲಲ್ಲಿ ಇಳಿಯುವ ಮುದುಕನ ಹಾಗೆ,
ಮುಂದಿನ ಮೆಟ್ಟಿಲು ಅಲ್ಲೇ ಇದೆಯೇ ಎಂದು ಕಾಲಲ್ಲಿ ಕೇಳುತ್ತ.
ಆಮೇಲೆ ದಪ್ಪ ತಂತಿಯ ಗುಂಯ್.
ಆಮೇಲೆ, ಕಾದೆವು.
ಏನೋ ಸರಸರ.
ಧೂಳೆಂದು ಊದಲು ಬಗ್ಗಿದ ಲೋಪಿಸ್.
ಧೂಳಲ್ಲ. ಅದೇ ಯಜಮಾನ.

ಮೂವತ್ತು ವರ್ಷ ಹೊಟ್ಟೆಗೆ ದೊಡ್ಡ ಡೋಲು ಕಟ್ಟಿಕೊಂಡು
ಕೋಡಿಬಾಗದಿಂದ ಸದಾಶಿವಗಡಕ್ಕೆ
ದಿಬ್ಬಣಗಳ ಸೇತುವೆ ದಾಟಿಸಿದವ ಲೋಪಿಸ್.
"ಇವನಿಗೆ ಯಾರು ದುಡ್ಡು ಕೊಟ್ಟರು ಮಾರಾಯಾ?
ವರ ಕುದುರೆ ಮೇಲೇ ಗೊರಕೆ ಹೊಡೆದಾನು."

ಹಾರ್ಮೋನಿಯಂ ಕಲಿಸುವ ಪದ್ಮಿನಿ ಶಾನಭಾಗ
ತೊಡೆಯ ಮೇಲೆ ಬೆರಳು ಮಡಚಿ ಎಣಿಸಿದರು.
ಐದು. ಮತ್ತೆ ಐದು. ಒಮ್ಮೆ ಐದೂಕಾಲು.
ಮತ್ತೊಮ್ಮೆ ಎಣಿಸಿ, ಕೈ ಕೊಡವಿ,
ತಪ್ಪು ರೆಕಾರ್ಡಿನದೇ ಎಂದು ತೀರ್ಪು ಕೊಟ್ಟರು.

ಅಲಾರ್ಮಿನ ಡಬ್ಬಿ ಒಯ್ಯಲು ಬಂದು
ಹೊಸ್ತಿಲಲ್ಲೇ ನಿಂತುಬಿಟ್ಟಿದ್ದಳು ರುಕ್ಮಾ ತಾಂಡೇಲ:
"ಬೆಳಗಿನ ಮೂರಕ್ಕೆ ಮೀನಿನ ಏಲಕ್ಕೆ ಹೊರಡುವಾಗ
ಯಾರಿಗೂ ಎಚ್ಚರಾಗದ ಹಾಗೆ ಬುಟ್ಟಿ ಎತ್ತುತ್ತೆ ಅಲ್ಲ,
ಅಂಥಾ ಕೈ ಇವಂದು.
ಚಲೋನೋ ಅಲ್ಲವೋ ನಂಗೊತ್ತಿಲ್ಲ.
ಆ ಮನೇಲಿ ಯಾರೋ ಮಲಗಿದಾರೆ."

ಹರಿವೆ ಸೊಪ್ಪು ಮಾರಿ ಮುಗಿಸಿದ ಹಮ್ಮು ಗೌಡನ ಕಡೆ
ಎಲ್ಲರೂ ತಿರುಗಿದೆವು. ಗುಮಟೆಯವನಲ್ಲವೇ.
ಬಹಳ ಹೊತ್ತು ಬೀಡಿಯ ತುದಿ ನೋಡಿದ.
"ಗುಮಟೆಗೆ ಎರಡು ಬಾಯಿ.
ಚರ್ಮದ ಬಾಯಿಗೆ ಯಾರೂ ಹೊಡೀತಾರೆ.
ಹಿಂದಿಂದು ತೆರೆದ ಬಾಯಿ. ಅದನ್ನ ಮುಚ್ಚೂದು, ಬಿಡೂದು,
ಅದು ಬರೂಕೆ ನಂಗೆ ಹನ್ನೆರಡು ವರ್ಷ ಹಿಡೀತು.
ಇಂವ ಬರೀ ಹಿಂದಿನ ಬಾಯಲ್ಲೇ ಆಡ್ತ ಇದ್ದ."
ಸ್ವಲ್ಪ ಬಾರಿಸಿ ತೋರಿಸು ಎಂದರೆ
ಬೆಂಕಿಪೊಟ್ಟಣ ಕೇಳಿದ.

ತಟ್ಟೆ ಮಗುಚಿದೆವು. ಆ ಬದಿಯ ಮೂರನೆಯದರ ನಡುವೆ
ಯಜಮಾನ ನಿಲ್ಲಿಸಿಬಿಟ್ಟ.
ಪಿಯಾನೊ ಕೂಡ ಮುಂದೆ ಹೋಗಲಿಲ್ಲ.
ಸೂಜಿ ತಿರುಗುತ್ತಲೇ ಇತ್ತು.
ಆಗ ಕೇಳಿತು ನನ್ನ ಗೋಡೆ:
ಹನ್ನೊಂದು ಗಡಿಯಾರ, ಒಂದು ಇನ್ನೊಂದನ್ನು ಒಪ್ಪದೆ.
ನಲವತ್ತು ವರ್ಷ ಅವುಗಳ ಕೆಳಗೇ ಕೂತವನಿಗೆ
ಯಾಕೋ ನಾಚಿಕೆಯಾಯಿತು.
"ಸತ್ತನೇ?" ಲೋಪಿಸ್ ಪಿಸುಗುಟ್ಟಿದ, ಅವನೂ ಪಿಸುಗುಟ್ಟಿದ!
ಹಿತ್ತಾಳೆಗೆ ಒಂದೇ ಒಂದು ಮುಟ್ಟು.
"ಎದ್ದರು," ಅಂದಳು ರುಕ್ಮಾ.

ನಿನಗೇನನಿಸಿತು ಎಂದು ನನ್ನನ್ನು ಕೇಳಿದರು.
ಆ ಅಡುಗೆಯವನ ವಾಚು
ದಿನಕ್ಕೆ ನಾಲ್ಕು ನಿಮಿಷ ಹಿಂದೆ ಬೀಳುತ್ತಿತ್ತು.
ಬಿಚ್ಚಿ, ಎಣ್ಣೆ ಬಿಟ್ಟು, ಸೆಕೆಂಡಿಗೆ ಸೆಕೆಂಡು ಕೂಡಿಸಿ ಕೊಟ್ಟೆ.
ಕೊಡುವ ಮುಂಚೆ ಒಂದು ಮಾತು ಕೇಳಬೇಕಿತ್ತು,
ಆ ನಾಲ್ಕು ನಿಮಿಷ ಬೇಕಿತ್ತೇನೋ ಅವನಿಗೆ.

ಇದನ್ನು ಅಭಿಪ್ರಾಯ ಎಂದು ಯಾರೂ ಒಪ್ಪಲಿಲ್ಲ.
ಅಲಾರ್ಮು ಸೆರಗಲ್ಲಿ ಸುತ್ತಿ ರುಕ್ಮಾ ಹೋದಳು.
ಪ್ಲೇಯರಿನ ಮುಚ್ಚಳ ಹಾಕುತ್ತ ಲೋಪಿಸ್
ತಟ್ಟೆಯನ್ನೂ ಕಂಕುಳಿಗೆ ಸೇರಿಸಿದ.
ಏನಿಲ್ಲ, ಧೂಳು ಒರೆಸಿ ತರುತ್ತಾನಂತೆ.