ಮುನಿಸಿನ ಕೋಣೆ

ಡುಲೂತಿನ ಜನವರಿ. ಟೈರಿನಂಗಡಿಯ ಮಹಡಿಯಲ್ಲಿ ನನ್ನ ಸ್ಟುಡಿಯೋ.
ಕಿಟಕಿಯಾಚೆ ಸುಪೀರಿಯರ್ ಸರೋವರ ದಡದುದ್ದಕ್ಕೂ ಹೆಪ್ಪುಗಟ್ಟಿ,
ಒಳಗೆ ಹಲ್ಲು ಕಡಿಯುವ ಹೀಟರು.
ಮಾರ್ಲಿಸ್ ಹೌಗನ್ ಬೂಟಿನ ಹಿಮ ಒದರುತ್ತ ಮೆಟ್ಟಿಲೇರಿ ಬಂದಳು,
ಹೊಸ್ತಿಲಲ್ಲೇ ನಿಂತು ಸಮಜಾಯಿಷಿ ಕೊಟ್ಟಳು:
"ಕರ್ಲಿಂಗ್ ಕ್ಲಬ್ಬಿನ ಲಾಟರಿಯಲ್ಲಿ ಎದ್ದ ಕೂಪನ್ನು ಇದು.
ಮೊದಲ ಬಹುಮಾನ ಹೊಗೆ ಹಾಕಿದ ಹಂದಿತೊಡೆ,
ಅದು ಇನ್ಯಾರಿಗೋ ಹೋಯಿತು."

ವಯಸ್ಸು ಅರವತ್ತೊಂದು.
ನಗರಸಭೆಯ ಹಿಮ ತಳ್ಳುವ ಲಾರಿಗೆ
ಇಪ್ಪತ್ತಾರು ಚಳಿಗಾಲದಿಂದ ಡ್ರೈವರು.

ಬಾಗಿಲ ಮೇಲಿನ ಪದಕ್ಕೆ ಅವಳ ನಾಲಿಗೆ ಹೊರಳಲಿಲ್ಲ.
ಬೂದ್ವಾರ್, ಎಂದೆ. ಫ್ರೆಂಚರ ಮಾತು. ಮೂಲದಲ್ಲಿ
ಹೆಂಗಸು ಮುನಿಸಿಕೊಂಡು ಒಬ್ಬಳೇ ಕೂರುವ ಕೋಣೆ,
ಒಂದು ಬಗೆಯ ಕೋಪಗೃಹ.
ಕೋಟಿನ ಗುಂಡಿ ಬಿಚ್ಚುತ್ತ ಯೋಚಿಸಿದಳು.
"ಮುನಿಸಿಕೊಳ್ಳಲು ನನಗೆ ಪುರುಸೊತ್ತೇ ಆಗಲಿಲ್ಲ."

ಮನೆಯ ಆಲ್ಬಮ್ಮಿನಲ್ಲಿ ಅವಳಿಲ್ಲವಂತೆ.
ಎಲ್ಲ ತೆಗೆದವಳೂ ಅವಳೇ.
ಒಂದರ ಅಂಚಿಗೆ ಹೆಬ್ಬೆರಳು, ಇನ್ನೊಂದರಲ್ಲಿ
ಮಕ್ಕಳ ಪಾದದವರೆಗೆ ಚಾಚಿದ ನೆರಳು.
ಗಂಡ ಎತ್ತಿ ಹಿಡಿದ ಮೀನಿನ ಕಣ್ಣೊಳಗೆ
ಇದ್ದರೂ ಇರಬಹುದು, ಸಣ್ಣಗೆ.

ಪರದೆಯ ಹಿಂದೆ ಬಹಳ ಹೊತ್ತು.
ನಾನು ಲೆನ್ಸು ಒರೆಸಿದೆ, ಒರೆಸಿದ್ದನ್ನೇ ಒರೆಸಿದೆ.
ಬಂದಳು: ತಂಗಿ ಕೊಟ್ಟ ಹಸಿರು ಸ್ಯಾಟಿನ್ನಿನ ಒಳಲಂಗ,
ಬೆಲೆಚೀಟಿ ಇನ್ನೂ ಕಂಕುಳಲ್ಲಿ,
ಕಾಲಿಗೆ ಬೂದು ಉಣ್ಣೆಯ ಸಾಕ್ಸು.
"ಸಾಕ್ಸು ತೆಗೆಯೋದಿಲ್ಲ." ಬೇಡ ಎಂದೆ.
"ಹೊಟ್ಟೆ ಕಾಣದ ಹಾಗೆ ತೆಗಿ."
ಎಲ್ಲರೂ ಹೇಳುವುದು.
ನನ್ನ ಸರದಿ ಬಂದಾಗ ನಾನೂ ಹೇಳಿದ್ದು.

ಚೆಂದ ಇದ್ದೀ ಎಂದು ನಾನು ಯಾರಿಗೂ ಹೇಳುವುದಿಲ್ಲ.
ಆ ಮಾತು ಕೈಗಡದ ಹಾಗೆ,
ಪಡೆದವರು ತಲೆ ತಗ್ಗಿಸುತ್ತಾರೆ.
ನಾನು ಹೇಳುವುದಿಷ್ಟೆ: ಗದ್ದ ತುಸು ಕೆಳಗೆ.
ಎಡಭುಜ ಬೆಳಕಿನ ಕಡೆ. ಉಸಿರು ಬಿಡು.
ಪೂರ್ತಿ ಬಿಡು.

ಎಡತೋಳು ಬಲದ್ದಕ್ಕಿಂತ ಕಪ್ಪು, ಮಚ್ಚೆ ಮಚ್ಚೆ;
ಬೇಸಿಗೆಯಲ್ಲಿ ಜಲ್ಲಿ ಸಾಗಿಸುವಾಗ ಕಿಟಕಿಗೆ ಆನಿಸಿದ್ದು.
ಒಂದೇ ಮೈಗೆ ಎರಡು ದೇಶದ ಬಿಸಿಲು.
ಎಡಹೆಗಲಿಂದ ಬಲಸೊಂಟಕ್ಕೆ
ಸೀಟ್‌ಬೆಲ್ಟು ತಿಕ್ಕಿ ತಿಕ್ಕಿ ಮೂಡಿಸಿದ ಓರೆಗೆರೆ,
ಜನಿವಾರದ ಹಾಗೆ;
ಮಂತ್ರ ಹೇಳಿ ಯಾರೂ ಹಾಕಿದ್ದಲ್ಲ.
ಅದರ ಮೇಲೆ ಅಂಗೈ ಮುಚ್ಚಿಕೊಂಡಳು.
ಕೈ ಸರಿಸು ಎಂದೆ.

ನಲವತ್ತು ಚಿತ್ರ, ನಲವತ್ತರಲ್ಲೂ
ಲೈಸೆನ್ಸಿಗೆಂದು ಇಟ್ಟುಕೊಂಡ ಅದೇ ನಗು.
ದಿನ ಕೆಟ್ಟಿತು ಎಂದುಕೊಂಡೆ.

ಅಷ್ಟರಲ್ಲಿ ಕೆಳಗೆ ಬೀದಿಯಲ್ಲಿ ಕರ್ರೆಂದು
ಕಬ್ಬಿಣ ಕಲ್ಲಿಗೆ ಉಜ್ಜಿದ ಸದ್ದು.
ಮಂಚದ ಮೇಲೆ ಮಂಡಿಯೂರಿ ಎದ್ದಳು ಮಾರ್ಲಿಸ್,
ಅಂಗೈಯಿಂದ ಕಿಟಕಿಗಾಜು ಬಡಿದು,
"ಬ್ಲೇಡು ಎತ್ತೋ ಕತ್ತೇ! ಅಲ್ಲಿ ಮ್ಯಾನ್‌ಹೋಲಿದೆ!"
ಹೆಗಲ ಪಟ್ಟಿ ಜಾರಿದ್ದು ಗೊತ್ತಿಲ್ಲ,
ಹೊಟ್ಟೆ ತನಗೆ ಬೇಕಾದಲ್ಲಿ ಇದೆ,
ಇಪ್ಪತ್ತಾರು ಚಳಿಗಾಲದ ಮುನಿಸು ಒಟ್ಟಿಗೆ ಹುಬ್ಬಿಗೆ ಬಂದಿದೆ.
ಒತ್ತಿದೆ.

ಕ್ಯಾಮೆರಾದ ಬೆನ್ನಲ್ಲಿ ತೋರಿಸಿದೆ.
ಈ ಗಳಿಗೆಯಲ್ಲಿ ಅಳುತ್ತಾರೆ; ಕಾಗದದ ಕರವಸ್ತ್ರ ಸಿದ್ಧವಿಟ್ಟಿರುತ್ತೇನೆ.
ಅವಳು ಅಳಲಿಲ್ಲ. ಕನ್ನಡಕ ಹಣೆಗೇರಿಸಿ, ಇಳಿಸಿ,
ಬೇರೆ ಪಾಳಿಯ ಡ್ರೈವರಳ ಬಗ್ಗೆ ಹೇಳುವಂತೆ ಹೇಳಿದಳು:
"ಇವಳು ದಾರಿ ಬಿಡುವವಳಲ್ಲ."

ಅದೊಂದೇ ಕೊಂಡಳು, ಎಲ್ಲಕ್ಕಿಂತ ಸಣ್ಣ ಅಳತೆಯದು.
ಉಳಿದದ್ದು ಅಳಿಸು ಎಂದಳು.
ಆಲ್ಬಮ್ಮಿಗಾ?
"ಊಟದ ಡಬ್ಬಿಗೆ. ಮುಚ್ಚಳದ ಒಳಬದಿಗೆ."

ಫೆಬ್ರವರಿಯ ಒಂದು ನಸುಕು, ನಾಲ್ಕೂವರೆ,
ನನ್ನ ಕಾರಿನ ಮುಂದೆ ಕಿತ್ತಳೆ ದೀಪ ತಿರುಗುತ್ತಿತ್ತು.
ಹಿಮ ಬಲಕ್ಕೆ ಮಗುಚುತ್ತ, ಮಗುಚುತ್ತ.
ಒಳಗಿದ್ದವರು ಯಾರೋ ಕಾಣಲಿಲ್ಲ.
ಹಾರ್ನು ಮಾಡದೆ, ದೂರ ಬಿಟ್ಟು, ಹಿಂದೆಯೇ ಹೋದೆ.

ಮನೆಯ ಕಪಾಟಿನಲ್ಲಿ, ಸ್ವೆಟರುಗಳ ಕೆಳಗೆ,
ನನ್ನದೂ ಒಂದು ಲಕೋಟೆಯಿದೆ.
ಹನ್ನೊಂದು ವರ್ಷವಾಯಿತು,
ಅಂಟು ಬಿಚ್ಚಿಲ್ಲ.